ಕತ್ತಲೇ ಇಲ್ಲದ ಚಿತ್ರಕ್ಕೆ ರಾತ್ರಿಯ ಹೆಸರು

ಹೋದ ಸಂಚಿಕೆಲಿ ನೆದರ್ಲೆಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಮ್‌ನಲ್ಲಿರೋ ರೈಕ್ಸ್‌ಮ್ಯೂಸಿಯಂ ಬಗ್ಗೆ ನಾಲ್ಕೇ ನಾಲ್ಕು ಸಾಲು ಬರೆದಿದ್ದೆ, ಅಷ್ಟಕ್ಕೇ ಇಷ್ಟೊಂದು ಪ್ರಶ್ನೆ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಅದಕ್ಕೇ ಈ ಸಲ ಇಡೀ ಅಂಕಣ ಅದರದ್ದೇ. ಒಂದೇ ಥರದ ಪ್ರಶ್ನೆಗಳನ್ನ ಒಟ್ಟಿಗೆ ಸೇರಿಸಿದ್ದೀನಿ. ಹೆಸರು ಹಾಕ್ಬೇಡಿ ಅಂತ ಕೆಲವರು ಬರೆದಿದ್ರಿಂದ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಮೇಡಂ, ಫೋಟೋದಲ್ಲಿ ನೋಡಿದ್ರೆ ಅರಮನೆ ಥರ ಇದೆ. ಇದು ಮೊದಲು ರಾಜರು ಇದ್ದ ಜಾಗಾನಾ? ರೈಕ್ಸ್ ಅಂದ್ರೆ ಏನು?

ಉತ್ತರ: ಅಲ್ಲಿ ಯಾವ ರಾಜನೂ ವಾಸ ಮಾಡಿರ್ಲಿಲ್ಲ. ಮ್ಯೂಸಿಯಂಗೆ ಅಂತಾನೇ ಕಟ್ಟಿದ ಕಟ್ಟಡ ಅದು, 1885ರಲ್ಲಿ ಬಾಗಿಲು ತೆಗೀತು. ಡಚ್ ಭಾಷೆಲಿ ರೈಕ್ ಅಂದ್ರೆ ರಾಜ್ಯ, ದೇಶ. ದೇಶದ ಮ್ಯೂಸಿಯಂ ಅಂತ ಅರ್ಥ ಆಯ್ತಲ್ಲ.

ಆದ್ರೆ ಸಂಸ್ಥೆ ಕಟ್ಟಡಕ್ಕಿಂತ ತುಂಬಾ ಹಳೇದು. 1795ರಲ್ಲಿ ಫ್ರೆಂಚ್ ಸೈನ್ಯ ಬಂದಾಗ ಅಲ್ಲಿನ ಆಳುವ ಮನೆತನದ ಐದನೇ ವಿಲೆಮ್ ಇಂಗ್ಲೆಂಡಿಗೆ ಓಡಿಹೋದ, ಅವನ ಹತ್ರ ಇದ್ದ ಒಳ್ಳೊಳ್ಳೆ ಚಿತ್ರಗಳನ್ನ ಫ್ರೆಂಚರು ಪ್ಯಾರಿಸ್‌ಗೆ ಹೊತ್ಕೊಂಡು ಹೋದ್ರು. ಉಳಿದಿದ್ದನ್ನ ಮಾರಿ ದುಡ್ಡು ಮಾಡ್ಕೊಳ್ಳೋದು ಸುಲಭ ಇತ್ತು. ಆಗಿನ ಹಣಕಾಸು ಮಂತ್ರಿ ಗೋಗೆಲ್ ಅನ್ನೋರು ಬೇಡ, ಪ್ಯಾರಿಸ್‌ನ ಲೂವ್ರ್ ಥರ ನಮಗೂ ಒಂದು ರಾಷ್ಟ್ರೀಯ ಗ್ಯಾಲರಿ ಇರ್ಲಿ ಅಂದ್ರು. 1798ರಲ್ಲಿ ತೀರ್ಮಾನ ಆಗಿ 1800ರಲ್ಲಿ ಹೇಗ್ ನಗರದಲ್ಲಿ ಶುರುವಾಯ್ತು. ದೊರೆಯ ಮನೆಯಲ್ಲಿ ಉಳಿದಿದ್ದನ್ನ ಜನರ ಆಸ್ತಿ ಮಾಡಿದ್ರಲ್ಲ, ಅದೇ ಇದರ ಹುಟ್ಟು.

ಆಗ ಅವರು ದುಡ್ಡು ಕೊಟ್ಟು ಕೊಂಡ ಮೊದಲನೇ ಚಿತ್ರ ಯಾವುದು ಗೊತ್ತಾ? ಒಂದು ಹಂಸ! ಯಾನ್ ಆಸೆಲೈನ್ ಅನ್ನೋ ಕಲಾವಿದ ಸುಮಾರು 1650ರಲ್ಲಿ ಬರೆದಿದ್ದು, ಬೆಲೆ 100 ಗಿಲ್ಡರ್, ಅಂದ್ರೆ ಆಗಿನ ಡಚ್ ದುಡ್ಡು. ಗೂಡಲ್ಲಿರೋ ಮೊಟ್ಟೆ ಕಾಯೋಕೆ ಹಂಸ ಎರಡೂ ರೆಕ್ಕೆ ಬಿಚ್ಚಿ ಎದ್ದು ನಿಂತಿದೆ, ಕೆಳಗೆ ಮೂಲೇಲಿ ಒಂದು ನಾಯಿ ನೀರಲ್ಲಿ ಈಜ್ಕೊಂಡು ಬರ್ತಿದೆ. ಕಲಾವಿದ ಸತ್ತು ಎಷ್ಟೋ ವರ್ಷ ಆದ್ಮೇಲೆ ಯಾರೋ ಅದರ ಮೇಲೆ ಅಕ್ಷರ ಬರೆದ್ರು, ಮೊಟ್ಟೆ ಮೇಲೆ ಹಾಲೆಂಡ್ ಅಂತ, ನಾಯಿ ಹತ್ರ ದೇಶದ ಶತ್ರು ಅಂತ, ಹಂಸದ ಕೆಳಗೆ ಆ ಕಾಲದ ದೊಡ್ಡ ರಾಜಕಾರಣಿ ಯೋಹಾನ್ ದ ವಿಟ್ ಅವರ ಹುದ್ದೆಯ ಹೆಸರು. ಮರಿ ಕಾಯೋ ಹಕ್ಕಿ ದೇಶ ಕಾಯೋ ನಾಯಕ ಆಗ್ಬಿಡ್ತು. ಹೊಸದಾಗಿ ಹುಟ್ಟಿದ ರಾಷ್ಟ್ರೀಯ ಗ್ಯಾಲರಿ ಮೊದಲು ಅದನ್ನೇ ಆರಿಸಿಕೊಂಡಿದ್ದು ಯಾಕೆ ಅಂತ ಇದರಿಂದ ಗೊತ್ತಾಗುತ್ತೆ ಅಲ್ವಾ.

ಹೇಗ್‌ನಿಂದ ಈ ಗ್ಯಾಲರಿ 1808ರಲ್ಲಿ ಆಮ್‌ಸ್ಟರ್‌ಡ್ಯಾಮ್‌ಗೆ ಬಂತು, ನೆಪೋಲಿಯನ್ ತಮ್ಮ ಲೂಯಿ ಆಗ ಅಲ್ಲಿನ ದೊರೆ. ಸ್ವಲ್ಪ ಕಾಲ ಅರಮನೇಲಿ ಇತ್ತು, ಆಮೇಲೆ ಟ್ರಿಪನ್‌ಹೌಸ್ ಅನ್ನೋ ಹಳೇ ಶ್ರೀಮಂತರ ಮನೇಲಿ ಇಕ್ಕಟ್ಟಾಗಿ ಎಷ್ಟೋ ದಶಕ. ಕೊನೆಗೆ ಪೀಯರ್ ಕೌಪರ್ಸ್ ಅನ್ನೋ ವಾಸ್ತುಶಿಲ್ಪಿ ಈಗಿರೋ ಕೆಂಪು ಇಟ್ಟಿಗೆ ಕಟ್ಟಡ ಕಟ್ಟಿದ್ರು. ಗೋಪುರ, ಬಣ್ಣದ ಗಾಜು, ಗೋಡೆ ತುಂಬಾ ಚಿತ್ತಾರ, ಇದೇನು ಚರ್ಚ್ ಕಟ್ಟಿದ್ದೀರಾ ಅಂತ ಆಗ ತುಂಬಾ ಜನ ಬೈದಿದ್ರು. ಮುಂದೆ ಬಂದವರು ಆ ಚಿತ್ತಾರದ ಮೇಲೆಲ್ಲಾ ಬಿಳಿ ಬಣ್ಣ ಹೊಡೆದ್ರು, 2003ರಿಂದ 2013ರ ರಿಪೇರಿಲಿ ಅದನ್ನ ಎಷ್ಟೋ ಕಡೆ ಮತ್ತೆ ಮೊದಲಿನ ಥರ ಮಾಡಿದ್ರು. ಆ ರಿಪೇರಿಗೆ 37.5 ಕೋಟಿ ಯೂರೋ ಆಯ್ತು, ಹತ್ತು ವರ್ಷ ಹಿಡೀತು. ತಡ ಆಗಿದ್ದಕ್ಕೆ ಒಂದು ಕಾರಣ ಸೈಕಲ್! ಕಟ್ಟಡದ ಹೊಟ್ಟೆಯೊಳಗಿಂದಾನೇ ಒಂದು ದಾರಿ ಹೋಗುತ್ತೆ, ಊರಿನೋರು ಅದರಲ್ಲಿ ಸೈಕಲ್ ಹೊಡೀತಾರೆ. ಅಲ್ಲಿ ಮ್ಯೂಸಿಯಂ ಬಾಗಿಲು ಮಾಡ್ತೀವಿ ಅಂದಾಗ ಸೈಕಲ್ ಸಂಘದವರು ಬಿಡಲೇ ಇಲ್ಲ, ವಾಸ್ತುಶಿಲ್ಪಿಗಳು ಪ್ಲಾನ್ ಬದಲಾಯಿಸಬೇಕಾಯ್ತು. ಇವತ್ತಿಗೂ 17ನೇ ಶತಮಾನದ ಡಚ್ ಕಲಾವಿದ ರೆಂಬ್ರಾಂಟ್ ಬರೆದ ನೈಟ್ ವಾಚ್ ಚಿತ್ರ ಇರೋ ಹಾಲ್‌ನ ಕೆಳಗೆ ಸೈಕಲ್‌ಗಳು ಹೋಗ್ತಾ ಇರುತ್ವೆ. ನನಗೆ ಆ ಜನರ ಹಟ ತುಂಬಾ ಇಷ್ಟ.

ಪ್ರಶ್ನೆ: ನೈಟ್ ವಾಚ್ ನೈಟ್ ವಾಚ್ ಅಂತಾರಲ್ಲ, ಅದರಲ್ಲಿ ಅಂಥಾದ್ದೇನಿದೆ? ಮೊಬೈಲಲ್ಲಿ ನೋಡಿದೆ, ಒಂದಷ್ಟು ಜನ ಕತ್ತಲಲ್ಲಿ ನಿಂತಿದ್ದಾರೆ ಅಷ್ಟೇ. ನಂಗೇ ಅರ್ಥ ಆಗ್ತಿಲ್ವೋ ಏನೋ.

ಉತ್ತರ: ನಿಮ್ಮದು ತಪ್ಪೇನಿಲ್ಲ, ಇನ್ನೂರು ವರ್ಷದ ಹಿಂದಿನವರಿಗೂ ಅದು ಕತ್ತಲೇ ಅನ್ನಿಸಿದ್ದು, ಅದಕ್ಕೇ ನೈಟ್ ವಾಚ್, ಅಂದ್ರೆ ರಾತ್ರಿ ಕಾವಲು, ಅನ್ನೋ ಹೆಸರು ಬಂದಿದ್ದು. ಚಿತ್ರದಲ್ಲಿ ರಾತ್ರಿ ಇಲ್ಲ. ಮೇಲೆ ಹಚ್ಚಿದ ವಾರ್ನಿಷ್ ವರ್ಷ ಕಳೀತಾ ಕಳೀತಾ ಹಳದಿಯಾಗಿ, ಕಂದಾಗಿ, ಅದರ ಮೇಲೆ ಕೊಳೆ ಕೂತು ಕತ್ತಲಾಗಿತ್ತು. ಎರಡನೇ ಮಹಾಯುದ್ಧ ಮುಗಿದ್ಮೇಲೆ ಕ್ಲೀನ್ ಮಾಡಿದಾಗ ಬೆಳಕು ಹೊರಗೆ ಬಂತು, ಹೆಸರು ಮಾತ್ರ ಅಂಟ್ಕೊಂಡೇ ಇತ್ತು. ಮತ್ತೆ ನೋಡೋವಾಗ ಒಂದು ಕೆಲಸ ಮಾಡಿ. ಮುಂದೆ ಇಬ್ಬರು ನಡ್ಕೊಂಡು ಬರ್ತಿದ್ದಾರಲ್ಲ, ಕಪ್ಪು ಬಟ್ಟೆ ಹಾಕಿ ಕೆಂಪು ಪಟ್ಟಿ ಕಟ್ಟಿದವರು ಕ್ಯಾಪ್ಟನ್ ಫ್ರಾನ್ಸ್ ಬಾನಿಂಗ್ ಕಾಕ್, ಪಕ್ಕದಲ್ಲಿ ಹಳದಿ ಬಟ್ಟೆಯೋರು ಅವರ ಲೆಫ್ಟಿನೆಂಟ್. ಕ್ಯಾಪ್ಟನ್ ಕೈ ಮುಂದೆ ಚಾಚಿದ್ದಾರೆ, ನಡೀರಿ ಅಂತ ಹೇಳೋ ಥರ. ಆ ಕೈಯ ನೆರಳು ಲೆಫ್ಟಿನೆಂಟ್‌ನ ಹಳದಿ ಕೋಟಿನ ಮೇಲೆ ಬಿದ್ದಿದೆ, ಬೆರಳು ಬೆರಳೂ ಕಾಣುತ್ತೆ. ಅಂಥಾ ನೆರಳು ಬೀಳ್ಬೇಕು ಅಂದ್ರೆ ಎಷ್ಟು ಬೆಳಕು ಬೇಕು ಹೇಳಿ!

ಇನ್ನು ಅಂಥಾದ್ದೇನಿದೆ ಅನ್ನೋದಕ್ಕೆ. ಇವರೆಲ್ಲಾ ಆಮ್‌ಸ್ಟರ್‌ಡ್ಯಾಮ್‌ನ ಕಾವಲು ಪಡೆಯವರು, ಊರಿನ ವ್ಯಾಪಾರಸ್ಥರು, ಅನುಕೂಲಸ್ಥರು. ತಮ್ಮ ಪಡೆಯ ಹಾಲ್‌ನಲ್ಲಿ ಹಾಕೋಕೆ ಗ್ರೂಪ್ ಫೋಟೋ ಥರ ಚಿತ್ರ ಬರೆಸೋದು ಆಗಿನ ರೂಢಿ. ತಮ್ಮ ಮುಖ ಬರೆಸ್ಕೊಂಡ ಪಡೆಯವರು ತಲಾ ಸುಮಾರು 100 ಗಿಲ್ಡರ್ ಹಾಕಿದ್ರು, ಒಟ್ಟು ಸುಮಾರು 1600. ಬೇರೆ ಕಲಾವಿದರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಎಲ್ಲರ ಮುಖವೂ ಸಮನಾಗಿ ಕಾಣೋ ಹಾಗೆ ಬರೀತಿದ್ರು, ದುಡ್ಡು ಕೊಟ್ಟವರಿಗೆ ಮೋಸ ಆಗ್ಬಾರ್ದಲ್ಲ. ರೆಂಬ್ರಾಂಟ್ 1642ರಲ್ಲಿ ಇದನ್ನ ಮುಗಿಸಿದಾಗ ಯಾರೂ ಪೋಸ್ ಕೊಟ್ಟು ನಿಂತಿಲ್ಲ, ಒಬ್ಬ ಬಂದೂಕಿಗೆ ಮದ್ದು ತುಂಬ್ತಿದ್ದಾನೆ, ಇನ್ನೊಬ್ಬ ಡೋಲು ಬಾರಿಸ್ತಿದ್ದಾನೆ, ಅವನನ್ನ ನೋಡಿ ನಾಯಿ ಬೊಗಳ್ತಿದೆ, ಬಾವುಟ ಮೇಲೆದ್ದಿದೆ, ಅಂದ್ರೆ ಹೊರಡೋಕೆ ಒಂದು ಕ್ಷಣ ಮುಂಚೆ ಆಗೋ ಗದ್ದಲ. ಆ ಗದ್ದಲದ ಮಧ್ಯೆ ಚಿನ್ನದ ಬಣ್ಣದ ಬಟ್ಟೆ ಹಾಕಿರೋ ಒಂದು ಪುಟ್ಟ ಹುಡುಗಿ, ಅವಳ ಸೊಂಟಕ್ಕೆ ಒಂದು ಸತ್ತ ಕೋಳಿ ತಲೆಕೆಳಗಾಗಿ ನೇತಾಡ್ತಿದೆ. ಕೋಳಿಯ ಉಗುರು ಆ ಪಡೆಯ ಗುರುತು. ಹಿಂದುಗಡೆ ಜನರ ಸಂದಿಯಲ್ಲಿ ಒಂದು ಟೋಪಿ, ಒಂದೇ ಒಂದು ಕಣ್ಣು ಇಣುಕ್ತಿದೆ, ಅದು ರೆಂಬ್ರಾಂಟ್ ತಾನೇ ಅಂತ ತುಂಬಾ ಜನ ನಂಬ್ತಾರೆ, ನಾನೂ ನಂಬ್ತೀನಿ.

ಮೊಬೈಲ್ ಸ್ಕ್ರೀನ್‌ನಲ್ಲಿ ಇದು ಅಂಗೈ ಅಗಲ. ನಿಜವಾದ್ದು ಸುಮಾರು 3.8 ಮೀಟರ್ ಎತ್ತರ, 4.5 ಮೀಟರ್ ಅಗಲ. ಉದ್ದನೆ ಗ್ಯಾಲರಿಯ ಕೊನೇಲಿ ಅದರ ಹಾಲ್ ಇದೆ, ದೂರದಿಂದ ನಡ್ಕೊಂಡು ಬರ್ತಾ ಬರ್ತಾ ಆ ಇಬ್ಬರೂ ನಮ್ಮ ಕಡೆಗೇ ಬರ್ತಿದ್ದಾರೆ ಅನ್ನಿಸುತ್ತೆ, ನಾನು ಗೊತ್ತಿಲ್ದೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದೆ. ಇನ್ನೊಂದು ವಿಷಯ, ಈ ಚಿತ್ರ ಮ್ಯೂಸಿಯಂನ ಸ್ವಂತದ್ದಲ್ಲ, ಆಮ್‌ಸ್ಟರ್‌ಡ್ಯಾಮ್ ನಗರದ ಆಸ್ತಿ. ನಗರ ಕೊಟ್ಟಿರೋದು ಎರವಲಾಗಿ.

ಪ್ರಶ್ನೆ: ಅಕ್ಕಾ, ನೈಟ್ ವಾಚ್‌ನ ಕತ್ತರಿಸಿಬಿಟ್ಟಿದ್ರು, ಆಸಿಡ್ ಹಾಕಿದ್ರು ಅಂತೆಲ್ಲಾ ಓದಿದೆ. ಅದೆಲ್ಲಾ ನಿಜಾನಾ?

ಉತ್ತರ: ಎಲ್ಲಾ ನಿಜ ಕಣಪ್ಪ. ಮೊದಲು ಕತ್ತರಿಸಿದ್ದು ಶತ್ರುಗಳಲ್ಲ, ಊರಿನೋರೇ. 1715ರಲ್ಲಿ ಅದನ್ನ ಟೌನ್‌ಹಾಲ್‌ಗೆ ತಂದ್ರು, ಅಲ್ಲಿ ಎರಡು ಬಾಗಿಲ ಮಧ್ಯದ ಗೋಡೆಗೆ ಚಿತ್ರ ದೊಡ್ಡದಾಯ್ತು. ಗೋಡೆ ಬದಲಾಯಿಸೋಕೆ ಆಗಲ್ಲ ಅಂತ ಚಿತ್ರವನ್ನೇ ನಾಲ್ಕೂ ಕಡೆ ಕತ್ತರಿಸಿದ್ರು. ಎಡಗಡೆ ಹೆಚ್ಚು, ಸುಮಾರು 60 ಸೆಂಟಿಮೀಟರ್ ಹೋಯ್ತು, ಅದರಲ್ಲಿ ನಿಂತಿದ್ದ ಇಬ್ಬರು ಕಾವಲುಗಾರರೂ ಹೋದ್ರು. ಆ ತುಂಡುಗಳು ಇವತ್ತಿನವರೆಗೂ ಸಿಕ್ಕಿಲ್ಲ. ಅದೃಷ್ಟಕ್ಕೆ ಕತ್ತರಿಸೋ ಮುಂಚೆ ಹೆರಿಟ್ ಲುಂಡೆನ್ಸ್ ಅನ್ನೋ ಕಲಾವಿದ ಒಂದು ಚಿಕ್ಕ ಕಾಪಿ ಮಾಡಿದ್ದ. ಆ ಕಾಪಿ ಇಟ್ಕೊಂಡು, ಅದನ್ನ ರೆಂಬ್ರಾಂಟ್ ಶೈಲಿಗೆ ತರೋದನ್ನ ಕಂಪ್ಯೂಟರ್‌ಗೆ ಕಲಿಸಿ, 2021ರಲ್ಲಿ ಕಳೆದುಹೋದ ಭಾಗಗಳನ್ನ ಪ್ರಿಂಟ್ ಮಾಡಿ ಮೂಲ ಚಿತ್ರದ ಸುತ್ತ ಕೆಲವು ತಿಂಗಳು ಜೋಡಿಸಿದ್ರು. ಆಗ ಒಂದು ಗೊತ್ತಾಯ್ತು, ಈಗ ಕ್ಯಾಪ್ಟನ್ ಮತ್ತೆ ಲೆಫ್ಟಿನೆಂಟ್ ಚಿತ್ರದ ಮಧ್ಯಕ್ಕೆ ಬಂದುಬಿಟ್ಟಿದ್ದಾರೆ, ಮೊದಲು ಅವರು ಮಧ್ಯದಿಂದ ಸ್ವಲ್ಪ ಬಲಕ್ಕೆ ಇದ್ರು, ಅದಕ್ಕೇ ಇಡೀ ಗುಂಪು ಎಡಕ್ಕೆ ನುಗ್ತಿರೋ ಹಾಗೆ ಕಾಣ್ತಿತ್ತು. ಕತ್ತರಿ ಹಾಕಿದವರು ಬರೀ ಬಟ್ಟೆ ಕತ್ತರಿಸ್ಲಿಲ್ಲ, ಆ ನಡಿಗೆಯನ್ನೇ ನಿಲ್ಲಿಸಿಬಿಟ್ರು. ನನಗೆ ಚಾಕು ಹಿಡ್ಕೊಂಡು ಬಂದವರಿಗಿಂತ ಇದೇ ಹೆಚ್ಚು ಬೇಜಾರು.

ಚಾಕುವಿನ ವಿಷಯಕ್ಕೆ ಬಂದ್ರೆ, 1911ರಲ್ಲಿ ಒಬ್ಬ ಚುಚ್ಚೋಕೆ ನೋಡಿದ, ದಪ್ಪ ವಾರ್ನಿಷ್ ಕಾಪಾಡ್ತು. ಬೈಸ್ಕೊಳ್ತಿದ್ದ ಅದೇ ಕಂದು ವಾರ್ನಿಷ್! 1975ರಲ್ಲಿ ಕೆಲಸ ಕಳ್ಕೊಂಡಿದ್ದ ಒಬ್ಬ ಮೇಷ್ಟ್ರು ಬ್ರೆಡ್ ಕತ್ತರಿಸೋ ಚಾಕು ತಂದು ಹತ್ತಾರು ಕಡೆ ಸೀಳಿದ, ಕ್ಯಾಪ್ಟನ್ ಸುತ್ತಮುತ್ತ ಉದ್ದುದ್ದ ಗಾಯ. ರಿಪೇರಿ ಮಾಡಿದವರ ಕೈಗೆ ಮುಗೀಬೇಕು, ಆದ್ರೂ ಹತ್ರ ನಿಂತು ನೋಡಿದ್ರೆ ಅಲ್ಲಲ್ಲಿ ಗುರುತು ಸಿಗುತ್ತೆ. 1990ರಲ್ಲಿ ಇನ್ನೊಬ್ಬ ಆಸಿಡ್ ಎರಚಿದ, ಕಾವಲಿನವರು ಕೂಡಲೇ ನೀರು ಹೊಡೆದ್ರಿಂದ ವಾರ್ನಿಷ್ ಮಾತ್ರ ಹಾಳಾಯ್ತು, ಬಣ್ಣ ಉಳೀತು. ಯುದ್ಧದ ಸಮಯದಲ್ಲಂತೂ ಚೌಕಟ್ಟಿನಿಂದ ಬಿಚ್ಚಿ ಜಮಖಾನದ ಥರ ಸುತ್ತಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿ, ಕೊನೆಗೆ ಮಾಸ್ಟ್ರಿಕ್ಟ್ ಹತ್ರ ಗುಡ್ಡದೊಳಗಿನ ಸುಣ್ಣಕಲ್ಲಿನ ಗುಹೆಲಿ ಬಚ್ಚಿಟ್ಟಿದ್ರು. 1945ರಲ್ಲಿ ವಾಪಸ್ ಬಂತು.

ಈಗ ಅದಕ್ಕೆ ಸುತ್ತ ಗಾಜಿನ ಕೋಣೆ ಕಟ್ಟಿದ್ದಾರೆ. 2019ರಿಂದ ಪರೀಕ್ಷೆ ಮತ್ತೆ ರಿಪೇರಿ ಎಲ್ಲಾ ಜನರ ಕಣ್ಣೆದುರೇ. 2024ರ ನವೆಂಬರ್‌ನಲ್ಲಿ ಹಳೇ ವಾರ್ನಿಷ್ ತೆಗೆಯೋ ಕೆಲಸ ಶುರು ಮಾಡಿದ್ರು, ಸ್ವಲ್ಪ ಸ್ವಲ್ಪ ಜಾಗ ತಗೊಂಡು. ಒಂದು ಚಿತ್ರಕ್ಕೆ ಆಪರೇಷನ್ ಆಗೋವಾಗ ಬಾಗಿಲು ಹಾಕ್ದೇ ಜನಕ್ಕೆ ತೋರಿಸ್ತಾರಲ್ಲ, ಆ ಧೈರ್ಯ ದೊಡ್ಡದು.

ಪ್ರಶ್ನೆ: ಅಲ್ಲಿ ನಮ್ಮ ದೇಶದ್ದು ಏನಾದ್ರೂ ಇದೆಯಾ? ಇದ್ರೆ ಕದ್ದಿದ್ದಾ, ಕೊಂಡಿದ್ದಾ? ನೇರವಾಗಿ ಹೇಳಿ ಮೇಡಂ.

ಉತ್ತರ: ಇದೆ. ತೋಟದ ಕಡೆ, ನೀರಿನ ಮಧ್ಯೆ ಏಷ್ಯಾ ಪೆವಿಲಿಯನ್ ಅಂತ ಒಂದು ಚಿಕ್ಕ ಕಟ್ಟಡ ಇದೆ, ಅದರೊಳಗೆ ತಮಿಳುನಾಡಿನ ನಟರಾಜ. ಚೋಳರ ಕಾಲದ್ದು, ಸುಮಾರು 12ನೇ ಶತಮಾನ, ಒಂದೂವರೆ ಮೀಟರ್ ಎತ್ತರ, ತೂಕ ಸುಮಾರು 300 ಕೆಜಿ. ಉತ್ಸವದಲ್ಲಿ ಹೊತ್ಕೊಂಡು ಮೆರವಣಿಗೆ ಮಾಡೋ ಮೂರ್ತಿ. ಇದು ಒಳಗೆ ಟೊಳ್ಳೋ ಗಟ್ಟಿಯೋ ತಿಳ್ಕೊಳ್ಳೋಕೆ ಮ್ಯೂಸಿಯಂನವರು ಅದನ್ನ ಲಾರಿಲಿ ಹಾಕ್ಕೊಂಡು ರಾಟರ್‌ಡ್ಯಾಮ್ ಬಂದರಿನ ಕಸ್ಟಮ್ಸ್‌ನವರ ಹತ್ರ ಹೋದ್ರು, ಕಂಟೇನರ್ ಒಳಗೆ ಏನಿದೆ ಅಂತ ನೋಡೋ ಎಕ್ಸ್‌ರೇ ಮೆಷಿನ್‌ನಲ್ಲಿ ಲಾರಿ ಸಮೇತ ನಟರಾಜನನ್ನ ನೋಡಿದ್ರು. ಪೂರ್ತಿ ಗಟ್ಟಿ, ಸುತ್ತಲಿನ ಜ್ವಾಲೆಯ ಬಳೆಯೂ ಗಟ್ಟಿ. ಮೇಣದಲ್ಲಿ ಮೂರ್ತಿ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಜಾಗಕ್ಕೆ ಅಷ್ಟು ಲೋಹವನ್ನ ಎಲ್ಲೂ ನಿಲ್ಲದ ಹಾಗೆ ಎರೆದ ಆ ಕೈಗಳನ್ನ ನೆನೆಸ್ಕೊಂಡ್ರೆ ಮೈ ಜುಂ ಅನ್ನುತ್ತೆ.

ಇದು ಯುರೋಪಿಗೆ ಬಂದು 1935ರಲ್ಲಿ ಅಲ್ಲಿನ ಏಷ್ಯಾ ಕಲೆಯ ಒಂದು ಸಂಘ ದುಡ್ಡು ಕೊಟ್ಟು ಕೊಂಡಿದ್ದು. ದುಡ್ಡು ಕೊಟ್ರು ಅನ್ನೋದು ನಿಜ. ಆದ್ರೆ ಪೂಜೆ ಮಾಡ್ಕೊಂಡು, ಹೂ ಹಾಕಿಸ್ಕೊಂಡು, ಬೀದಿಲಿ ಮೆರೆದ ದೇವರು ಗಾಜಿನ ಕಟ್ಟಡದಲ್ಲಿ ಸುಮ್ನೆ ನಿಂತಿರೋದು ನೋಡಿದಾಗ ನನಗೆ ಖುಷಿ ಮತ್ತೆ ಸಂಕಟ ಎರಡೂ ಆಯ್ತು, ಮುಚ್ಚಿಡಲ್ಲ.

ಇನ್ನೊಂದು ನಂಟು ತುಂಬಾ ಸಂತೋಷದ್ದು. ರೆಂಬ್ರಾಂಟ್ ತನ್ನ ಜೀವನದಲ್ಲಿ ನೆದರ್ಲೆಂಡ್ಸ್ ಬಿಟ್ಟು ಹೊರಗೆ ಹೋದವನೇ ಅಲ್ಲ, ಆದ್ರೆ ಅವನ ಕೈಗೆ ಮೊಘಲ್ ಕಿರುಚಿತ್ರಗಳು ಸಿಕ್ಕಿದ್ವು, ಡಚ್ ವ್ಯಾಪಾರದ ಹಡಗುಗಳು ಸೂರತ್ ಕಡೆಯಿಂದ ಹೋಗಿ ಬರ್ತಿದ್ದ ಕಾಲ ಅದು. ಅವನ್ನ ನೋಡ್ಕೊಂಡು 1650ರ ದಶಕದಲ್ಲಿ ಜಪಾನಿನಿಂದ ಬಂದ ಕಾಗದದ ಮೇಲೆ ಇಪ್ಪತ್ತಕ್ಕೂ ಹೆಚ್ಚು ಚಿತ್ರ ಬಿಡಿಸಿದ, ಷಹಜಹಾನ್, ಜಹಾಂಗೀರ್, ದಾರಾ ಶಿಕೋ ಎಲ್ಲಾ ಇದ್ದಾರೆ ಅದರಲ್ಲಿ. ಈಗ ಬೇರೆ ಬೇರೆ ದೇಶದಲ್ಲಿ ಹಂಚಿಹೋಗಿವೆ, ಕೆಲವು ಈ ಮ್ಯೂಸಿಯಂನಲ್ಲೂ ಇವೆ. ಜಪಾನಿನ ಕಾಗದ, ನಮ್ಮ ಬಾದಶಹ, ಡಚ್ ಕಲಾವಿದನ ಪೆನ್ನು!

ಕದ್ದಿದ್ದರ ಮಾತು ಕೇಳಿದ್ರಲ್ಲ. ಶ್ರೀಲಂಕಾದ ಕ್ಯಾಂಡಿ ಅರಮನೆಯನ್ನ 1765ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯವರು ಲೂಟಿ ಮಾಡಿದಾಗ ಒಂದು ಪುಟ್ಟ ಫಿರಂಗಿ ಎತ್ಕೊಂಡು ಬಂದಿದ್ರು, ಕಂಚಿನ ಮೇಲೆ ಚಿನ್ನ, ಬೆಳ್ಳಿ, ಕೆಂಪು ಹರಳು ಕೂರಿಸಿದ್ದು. ಮ್ಯೂಸಿಯಂನ ಬಹಳ ಹಳೇ ಆಸ್ತಿಗಳಲ್ಲಿ ಅದೂ ಒಂದಾಗಿತ್ತು. ಅದರ ಜತೆ ಕತ್ತಿ, ಚಾಕು, ಬಂದೂಕು ಸೇರಿ ಒಟ್ಟು ಆರು ವಸ್ತು 2023ರ ಡಿಸೆಂಬರ್‌ನಲ್ಲಿ ಕೊಲಂಬೋಗೆ ವಾಪಸ್ ಹೋದ್ವು. ಎರಡೂವರೆ ಶತಮಾನ ತಡವಾಗಿ ಆದ್ರೂ ಮನೆ ಸೇರಿದ್ವಲ್ಲ. 2021ರಲ್ಲಿ ಡಚ್ಚರ ಗುಲಾಮಗಿರಿ ವ್ಯಾಪಾರದ ಬಗ್ಗೇನೇ ಒಂದು ದೊಡ್ಡ ಪ್ರದರ್ಶನ ಮಾಡಿದ್ರು, ಗೋಡೆ ಮೇಲಿರೋ ಶ್ರೀಮಂತರ ದುಡ್ಡು ಎಲ್ಲಿಂದ ಬಂತು ಅಂತ ಅವರೇ ಬಿಡಿಸಿ ಹೇಳಿದ್ರು. ಇನ್ನೂ ಆಗ್ಬೇಕಾದ್ದು ಎಷ್ಟೋ ಇದೆ, ಶುರು ಮಾಡಿರೋದನ್ನಂತೂ ಒಪ್ಪಬೇಕು.

ಪ್ರಶ್ನೆ: ಅಲ್ಲಿಂದ ಏನಾದ್ರೂ ಕಳ್ಳತನ ಆಗಿತ್ತಾ, ಸಿನಿಮಾದಲ್ಲಿ ತೋರಿಸ್ತಾರಲ್ಲ ಹಾಗೆ?

ಉತ್ತರ: ಅವರದ್ದೇ ಒಂದು ಚಿತ್ರ ಬೇರೆ ಊರಲ್ಲಿ ಕಳುವಾಗಿತ್ತು. ರೆಂಬ್ರಾಂಟ್ ಕಾಲದ ಇನ್ನೊಬ್ಬ ಡಚ್ ಕಲಾವಿದ ವರ್ಮೀರ್ ಬರೆದ ಪ್ರೇಮಪತ್ರ ಅನ್ನೋ ಚಿಕ್ಕ ಚಿತ್ರ, 1971ರ ಸೆಪ್ಟೆಂಬರ್‌ನಲ್ಲಿ ಪ್ರದರ್ಶನಕ್ಕೆ ಅಂತ ಬ್ರಸೆಲ್ಸ್‌ಗೆ ಕಳಿಸಿದ್ರು. 21 ವರ್ಷದ ಒಬ್ಬ ಹುಡುಗ ರಾತ್ರಿ ಕಟ್ಟಡದೊಳಗೇ ಅಡಗಿ ಕೂತು, ಆಲೂಗೆಡ್ಡೆ ಸಿಪ್ಪೆ ತೆಗೆಯೋ ಚಾಕುವಿನಿಂದ ಕ್ಯಾನ್ವಾಸ್ ಕತ್ತರಿಸಿ ಮಡಚಿ ಪ್ಯಾಂಟಿನ ಹಿಂದಿನ ಜೇಬಿಗೆ ಹಾಕ್ಕೊಂಡು ಹೋದ. ಆಮೇಲೆ ಪತ್ರಿಕೆಗೆ ಫೋನ್ ಮಾಡಿ 20 ಕೋಟಿ ಬೆಲ್ಜಿಯನ್ ಫ್ರಾಂಕ್ ಕೇಳಿದ, ತನಗಲ್ಲ, ಆಗಿನ ಪೂರ್ವ ಪಾಕಿಸ್ತಾನದಿಂದ ಜೀವ ಉಳಿಸ್ಕೊಂಡು ಓಡಿ ಬಂದಿದ್ದ ನಿರಾಶ್ರಿತರಿಗೆ ಕೊಡಿ ಅಂತ. ಟಿವಿಲಿ ಅವರ ಸ್ಥಿತಿ ನೋಡಿ ಅವನಿಗೆ ತಡ್ಕೊಳ್ಳೋಕೆ ಆಗಿರ್ಲಿಲ್ಲ. ಎರಡು ವಾರದೊಳಗೆ ಸಿಕ್ಕಿಬಿದ್ದ, ಜೈಲಾಯ್ತು. ಚಿತ್ರ ತುಂಬಾ ಹಾಳಾಗಿತ್ತು, ಕಷ್ಟಪಟ್ಟು ಸರಿ ಮಾಡಿದ್ರು, ಈಗ ಮ್ಯೂಸಿಯಂನಲ್ಲಿದೆ. ಅವನು ಮಾಡಿದ್ದು ತಪ್ಪೇ. ಆದ್ರೂ ಆ ಚಿತ್ರ ನೋಡೋವಾಗೆಲ್ಲಾ ನನಗೆ ಆ ಶಿಬಿರಗಳ ಜನ ನೆನಪಾಗ್ತಾರೆ.

ಪ್ರಶ್ನೆ: ನಮ್ಮಂಥೋರಿಗೆ ಅಲ್ಲೀವರೆಗೆ ಹೋಗೋಕೆ ಆಗಲ್ಲ. ಮನೇಲೇ ಕೂತು ನೋಡೋಕೆ ಏನಾದ್ರೂ ದಾರಿ ಇದೆಯಾ?

ಉತ್ತರ: ಖಂಡಿತ ಇದೆ, ಅದೂ ಪುಕ್ಕಟೆ. ಅವರ ವೆಬ್‌ಸೈಟ್‌ನಲ್ಲಿ ಲಕ್ಷಗಟ್ಟಲೆ ಕಲಾಕೃತಿಗಳ ಒಳ್ಳೆ ಕ್ವಾಲಿಟಿ ಫೋಟೋ ಇವೆ, ಹಕ್ಕು ಮುಗಿದಿರೋದನ್ನೆಲ್ಲಾ ಡೌನ್‌ಲೋಡ್ ಮಾಡ್ಕೊಂಡು ಗೋಡೆಗೆ ಪ್ರಿಂಟ್ ಹಾಕ್ಕೊಂಡ್ರೂ ಯಾರೂ ಕೇಳಲ್ಲ. ನೈಟ್ ವಾಚ್‌ನ ಫೋಟೋ ಅಂತೂ 8439 ಫೋಟೋ ಸೇರಿಸಿ ಮಾಡಿದ್ದು, 71,700 ಕೋಟಿ ಪಿಕ್ಸೆಲ್. ಜೂಮ್ ಮಾಡ್ತಾ ಹೋದ್ರೆ ಕಣ್ಣು ಗುಡ್ಡೆಯ ಬಣ್ಣದಲ್ಲಿರೋ ಬಿರುಕೂ ಕಾಣುತ್ತೆ. ಅಲ್ಲೇ ಎದುರಿಗೆ ನಿಂತವರಿಗೂ ಅಷ್ಟು ಹತ್ರ ಸಿಗಲ್ಲ.

ಪ್ರಶ್ನೆ: ಮಗ ಅಲ್ಲೇ ಕೆಲಸದಲ್ಲಿದ್ದಾನೆ, ಮುಂದಿನ ತಿಂಗಳು ಹೋಗ್ತಿದ್ದೀವಿ. ನನಗೆ ಮಂಡಿ ನೋವು, ಎರಡು ಗಂಟೆ ಮೇಲೆ ನಿಲ್ಲೋಕಾಗಲ್ಲ. ಯಾವುದು ನೋಡ್ಲಿ?

ಉತ್ತರ: ಎಲ್ಲಾ ನೋಡ್ಬೇಕು ಅನ್ನೋ ಆಸೆ ಬಿಟ್ಟುಬಿಡಿ ಅಮ್ಮ. 80 ಕೋಣೆ, 8000 ವಸ್ತು, ಎರಡು ದಿನ ಕೊಟ್ರೂ ಮುಗಿಯಲ್ಲ. ಟಿಕೆಟ್ ಆನ್‌ಲೈನ್‌ನಲ್ಲೇ ಸಮಯ ಹಾಕಿ ಬುಕ್ ಮಾಡಿಸಿ, ಬೆಳಿಗ್ಗೆ 9ಕ್ಕೆ ತೆಗೀತಾರೆ, ಆಗಲೇ ಹೋಗಿ. ಮೊಮ್ಮಕ್ಕಳಿದ್ರೆ 18 ವರ್ಷದವರೆಗೆ ಟಿಕೆಟ್ ಪುಕ್ಕಟೆ. ಅವರಿಗೆ ಪೆಟ್ರೊನೆಲಾ ಓರ್ಟ್‌ಮನ್ ಅನ್ನೋ ಹೆಂಗಸು ಮುನ್ನೂರು ವರ್ಷದ ಹಿಂದೆ ಮಾಡಿಸಿದ ಗೊಂಬೆಮನೆ ತೋರಿಸಿ, ಬೆರಳುದ್ದದ ಪಾತ್ರೆ ಪಗಡಿ ಎಲ್ಲಾ ಅಸಲಿ, ಅದಕ್ಕೆ ಸುರಿದ ದುಡ್ಡಿಗೆ ಆಗ ಕಾಲುವೆ ಪಕ್ಕದಲ್ಲಿ ನಿಜವಾದ ಮನೆಯೇ ಬರ್ತಿತ್ತು.

ನೀವು ಲಿಫ್ಟ್‌ನಲ್ಲಿ ಸೀದಾ ಎರಡನೇ ಮಹಡಿಯ ದೊಡ್ಡ ಗ್ಯಾಲರಿಗೆ ಹೋಗಿ. ನೈಟ್ ವಾಚ್ ಮುಂದೆ ಹತ್ತು ನಿಮಿಷ. ಆಮೇಲೆ ಹಾಲು ಸುರಿಯೋ ಹೆಂಗಸಿನ ಚಿತ್ರ ಹುಡುಕಿ, ವರ್ಮೀರ್ ಬರೆದಿದ್ದು, ಸುಮಾರು 1660ರದ್ದು. ಉದ್ದ ಅಗಲ ಅರ್ಧ ಮೀಟರೂ ಇಲ್ಲ. 1908ರಲ್ಲಿ ಸರ್ಕಾರ ಇದನ್ನ ಕೊಳ್ಳೋವಾಗ ಇಷ್ಟೊಂದು ದುಡ್ಡಾ ಅಂತ ಪಾರ್ಲಿಮೆಂಟಿನಲ್ಲೇ ಜಗಳ ಆಗಿತ್ತು, ಕೊಂಡಿದ್ದು ಎಷ್ಟು ಒಳ್ಳೇದಾಯ್ತು. ಚಿತ್ರದಲ್ಲಿ ಏನೂ ನಡೆಯಲ್ಲ. ರವಿಕೆಯ ತೋಳನ್ನ ಮೇಲಕ್ಕೆ ಮಡಚಿಕೊಂಡ ಒಬ್ಬ ಅಡುಗೆಯವಳು ಮಣ್ಣಿನ ಪಾತ್ರೆಗೆ ಹಾಲು ಬಗ್ಗಿಸ್ತಿದ್ದಾಳೆ, ಸಣ್ಣ ಧಾರೆ, ಅವಳ ಗಮನ ಪೂರ್ತಿ ಅದರ ಮೇಲೇ. ಪಕ್ಕದ ಬ್ರೆಡ್ ಮೇಲೆ ಬೆಳಕು ಚುಕ್ಕಿ ಚುಕ್ಕಿಯಾಗಿ ಕೂತಿದೆ. ಅವಳ ನೀಲಿ ಬಟ್ಟೆಗೆ ಹಾಕಿದ್ದು ಅಫ್ಘಾನಿಸ್ತಾನದ ಕಲ್ಲು ಅರೆದು ಮಾಡಿದ ಬಣ್ಣ, ಆ ಕಾಲಕ್ಕೆ ತುಂಬಾ ದುಬಾರಿ, ಅದನ್ನ ಒಬ್ಬ ಕೆಲಸದವಳ ಬಟ್ಟೆಗೆ ಬಳಸಿದ್ದಾರೆ ನೋಡಿ. 2022ರ ಸುಮಾರಿಗೆ ಸ್ಕ್ಯಾನ್ ಮಾಡಿದಾಗ ಅವಳ ಹಿಂದೆ ಹೂಜಿ ನೇತುಹಾಕೋ ಹಲಗೆ, ಕೆಳಗೆ ಒಂದು ಬುಟ್ಟಿ ಇದ್ದಿದ್ದು ಕಾಣ್ತು, ವರ್ಮೀರ್ ಮೊದಲು ಹಾಕಿ ಆಮೇಲೆ ಅವನ್ನೆಲ್ಲಾ ಬಿಳಿ ಗೋಡೆ ಮಾಡಿಬಿಟ್ಟಿದ್ದಾನೆ.

ಆ ಗೋಡೆಯನ್ನೇ ನೋಡ್ತಾ ಕೂರಿ, ಬೇರೆ ಏನೂ ನೋಡದಿದ್ರೂ ಪರವಾಗಿಲ್ಲ. ಸುಣ್ಣ ಎದ್ದ ಜಾಗ, ಹಿಂದೆ ಯಾವಾಗ್ಲೋ ಮೊಳೆ ಕಿತ್ತ ತೂತು ಎಲ್ಲಾ ಇದೆ. ಮೇಲ್ಗಡೆ ಒಂದು ಮೊಳೆ ಇನ್ನೂ ಹಾಗೇ ಇದೆ, ಅದಕ್ಕೆ ಏನನ್ನೂ ನೇತುಹಾಕಿಲ್ಲ. ಅದು ಸಿಕ್ಕಿದ ಮೇಲೆ ಅದರ ನೆರಳನ್ನೂ ಹುಡುಕಿ, ಕಿಟಕಿ ಎಡಗಡೆ ಇದೆ, ನೆರಳು ಬಲಕ್ಕೆ ಬಿದ್ದಿರುತ್ತೆ.